ಅತ್ತೆಯ ಅಂಗಡಿ ಮುಂದಿನ ಗುಂಡಿ

ಬೇಸಿಗೆಯ ಸಂಜೆ ಮನೆಮನೆಯಲ್ಲೂ ಫ್ಯಾನು ತಿರುಗತೊಡಗಿದರೆ ಸಾಕು, ಆ ಬೀದಿಯ ಕರೆಂಟು ಕೈಕೊಡುತ್ತಿತ್ತು. ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಜಮಾನರ ಉಸಿರಾಟದ ಯಂತ್ರವೂ ನಿಲ್ಲುತ್ತಿತ್ತು. ಅದು ಮತ್ತೆ ಶುರುವಾಗುವ ತನಕ ಅಂಗಡಿ ನಡೆಸುವ ಅವರ ಹೆಂಡತಿ ದೇವರನ್ನು ನೆನೆಯುತ್ತ ಬೆನ್ನು ನೀವುತ್ತಿದ್ದರು.

ಊರೊಳಕ್ಕೆ ವಿದ್ಯುತ್ ತರುವ ಮುಖ್ಯ ಕೇಬಲ್ ಬದಲಾಯಿಸಲು ಬೀದಿ ಅಗೆದರು. ಕೇಬಲ್ ತುದಿಗಳನ್ನು ಬೆಸೆಯುವ ಗುಂಡಿ ಅಂಗಡಿಯ ಎದುರಿಗೇ ಬಂತು. ಬೆಸೆಯುವವಳು ಆ ಮನೆಯ ಸೊಸೆಯೇ. ಗಿರಾಕಿಗಳು ಕಡಿಮೆಯಾದರು, ಮಡಿಸಿಟ್ಟ ಬಟ್ಟೆಯ ಮೇಲೆ ಧೂಳು ಕೂತಿತು. ನಮಗೆ ಹಳ್ಳ ತೋಡಿದವಳು ಹೊರಗಿನವಳಲ್ಲ ಬಿಡಿ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಹಳೆಯ ಕೇಬಲ್‌ಗೆ ಏನು ರೋಗ ಬಂದಿದೆ ಎಂಬುದು ಅವರ ವಾದ.

"ಅತ್ತೆ, ಸ್ಕೂಲ್ ಹುಡುಗನ ಅಂಗಿ ಮದುವೆ ಗಂಡಿಗೆ ತೊಡಿಸಿದರೆ ಹೊಲಿಗೆ ಉಳಿಯುತ್ತಾ? ಊರು ಬೆಳೀತು, ಕೇಬಲ್ ಬೆಳೀಲಿಲ್ಲ" ಎಂದಳು ಸೊಸೆ.

ಅತ್ತೆ ಒಪ್ಪಲಿಲ್ಲ. ಗುಂಡಿಯ ಬಳಿ ನೀರು ಹಾಕಬೇಡಿ ಎಂದು ಸೊಸೆ ಹೇಳಿದ್ದರೂ, ಧೂಳು ಅಡಗಲಿ ಎಂದು ಒಂದು ಬೆಳಿಗ್ಗೆ ಮಣ್ಣಿನ ಮೇಲೆ ಬಿಂದಿಗೆ ನೀರು ಚೆಲ್ಲಿದರು. ನೀರು ಗುಂಡಿಯ ಮೇಲೆ ಹಾಕಿದ್ದ ಡೇರೆಯಡಿ ನುಸುಳಿ, ತೆರೆದಿಟ್ಟ ಕೇಬಲ್ ತುದಿಯನ್ನು ನೆನೆಸಿತು. ಸೊಸೆ ಬೈಯಲಿಲ್ಲ. ನೆನೆದಷ್ಟನ್ನೂ ಕತ್ತರಿಸಿ ತೆಗೆದಳು. ಅರ್ಧವಾಗಿದ್ದ ಕೆಲಸ ಮೊದಲಿನಿಂದ ಶುರುವಾಯಿತು.

ಇಷ್ಟು ನೀರಿಗೆ ಅಷ್ಟನ್ನೂ ಕತ್ತರಿಸಬೇಕೇ ಎಂದು ಅತ್ತೆ ಕೇಳಿದರು.

"ಒದ್ದೆ ಅಂಗಿಗೆ ಕಾದ ಇಸ್ತ್ರಿ ಇಟ್ಟರೆ ಚುಂಯ್ ಅನ್ನಲ್ವಾ? ಇದರಲ್ಲಿ ಹರಿಯೋದು ಊರಿಗೆಲ್ಲ ಬೇಕಾದ ಕರೆಂಟು. ಒಳಗೆ ತೇವ ಉಳಿದರೆ ಹೊದಿಕೆ ಸೀಳಿಕೊಂಡು ಸಿಡಿಯುತ್ತೆ. ಆಗ ಮಾವನ ಯಂತ್ರ ಗಂಟೆಗಟ್ಟಲೆ ಅಲ್ಲ, ದಿನಗಟ್ಟಲೆ ನಿಲ್ಲುತ್ತೆ."

ಅತ್ತೆ ಒಳಗೆ ಹೋಗಿ ಗಂಡನ ಮುಖ ನೋಡಿ ಬಂದರು. ಆಮೇಲೆ ಗುಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ದಾರಿಗೆ ಅಡ್ಡವಾಗಿ ಇಟ್ಟಿದ್ದ ಅಡ್ಡಗಟ್ಟೆ ಸರಿಸಲು ಬಂದ ಸ್ಕೂಟರಿನವನಿಗೆ, "ಬಳಸಿಕೊಂಡು ಹೋಗಪ್ಪ. ನನ್ನ ಸೊಸೆ ಊರಿಗೆ ದೀಪ ಬೆಸೀತಿದ್ದಾಳೆ" ಎಂದರು. ಸೊಸೆ ಎಂಬ ಮಾತನ್ನು ಬೀದಿಗೆಲ್ಲ ಕೇಳುವಂತೆ ಹೇಳಿದರು.

ಮರುವರ್ಷದ ಬೇಸಿಗೆಯಲ್ಲಿ ಯಂತ್ರ ಒಂದು ಸಂಜೆಯೂ ನಿಲ್ಲಲಿಲ್ಲ. ಸೊಸೆ ಕೆಲಸದಿಂದ ಬಂದಾಗ ಯಜಮಾನರು ಹೆಂಡತಿಗೆ, "ಮೊದಲು ಅವಳಿಗೆ ಬಡಿಸು. ನನ್ನ ಉಸಿರು ಅವಳ ಕೈಯದು" ಎಂದರು.

ಓದುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಬೀದಿಗೂ ಕೇಬಲ್ ಕೆಲಸ ಬಂದೀತು. ಅಡ್ಡಗಟ್ಟೆ ಸರಿಸಬೇಡಿ. ಗುಂಡಿಗೆ ನೀರು, ಕಸ ಬೀಳದಂತೆ ನೋಡಿಕೊಳ್ಳಿ. ಮನೆಯಲ್ಲಿ ಯಂತ್ರದ ನೆರವಿನಿಂದ ಉಸಿರಾಡುವವರಿದ್ದರೆ ವಿದ್ಯುತ್ ಕಚೇರಿಗೆ ಮೊದಲೇ ತಿಳಿಸಿಡಿ. ಕೆಲವು ದಿನದ ಧೂಳನ್ನು ತಾಳಿಕೊಳ್ಳಿ. ದೇವರು ನಿಮ್ಮವರನ್ನು ನಿಮಗೆ ಉಳಿಸಿಕೊಡಲಿ.