ಉಳಿದ ನಾಲ್ಕು ದಿನ

ದಿಂಬಿನ ಕೆಳಗೂ ಪುಸ್ತಕ ಇರಲಿಲ್ಲ. ಇಂದುಮತಿ ಗಾದಿಯನ್ನೇ ಎತ್ತಿ ನೋಡಿದಳು. ಕಪಾಟಿನ ಸೀರೆಗಳನ್ನೆಲ್ಲ ನೆಲಕ್ಕೆಳೆದಳು. ಹೊರಗೆ ಪಡಸಾಲೆಯಲ್ಲಿ ಗಂಡ ಗಣಪತರಾವ್ ಸಾಳೋಖೆಯವರ ದೇಹದ ಸುತ್ತ ಕೊಲ್ಹಾಪುರದ ಅರ್ಧ ಸಿನಿಮಾ ಮಂದಿ ಕೂತಿತ್ತು. ನಿನ್ನೆ ಸ್ಟುಡಿಯೋದಲ್ಲಿ, ನಿರ್ದೇಶಕನ ಕುರ್ಚಿಯಲ್ಲೇ, ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದರು.

ಅವಳನ್ನು ಅತ್ತಿಗೆಯೆಂದೇ ಕರೆಯುವ ಕ್ಯಾಮೆರಾಮನ್ ಶಾಮರಾವ ಬಾಗಿಲಲ್ಲಿ ಇಣುಕಿದ. "ವೈನಿ, ಚಟ್ಟ ಕಟ್ಟಾಕತ್ತಾರ. ಹೊರಗ ಬರ್ರಿ."

"ಶಾಟಿನ ಪುಸ್ತಕ ನೋಡಿಯೇನೋ? ನಿನ್ನಿ ಇವರ ಚೀಲದಾಗ ಇತ್ತು, ಚೀಲನೂ ಕಾಣವಲ್ದು."

ಅವನು ದನಿ ತಗ್ಗಿಸಿದ. "ಚೀಲ ಜಗತಾಪ ಶೇಠರ ಕಾರಿನ್ಯಾಗ ಉಳಿದೈತ್ರೀ. ಅಣ್ಣಾರನ್ನ ಸ್ಟುಡಿಯೋದಿಂದ ಅದರಾಗ ತಂದಿದ್ವಲ್ಲ."

ಅವಳು ಸೀರೆಗಳನ್ನು ದಾಟಿ ಬಾಗಿಲತ್ತ ಬಂದಳು. ಜಗತಾಪ ಈಗಿನ ಸಿನಿಮಾಕ್ಕೆ ದುಡ್ಡು ಹಾಕಿದವನು. ಅವನು ಪುಸ್ತಕ ಬಿಚ್ಚಿದರೆ, ಚಿತೆಗಿಂತ ಮೊದಲೇ ಗಂಡನ ಹೆಸರು ಸುಟ್ಟುಹೋಗುತ್ತದೆ.

*

ನಾಲ್ಕು ವರ್ಷದ ಹಿಂದೆ ಪನ್ಹಾಳಗಡದ ಕೋಟೆಯಲ್ಲಿ ಶೂಟಿಂಗ್ ನಡೆದಾಗ, ನಡುಮಧ್ಯಾಹ್ನ, ಗಣಪತರಾವ್ ಅವಳ ಕಿವಿಯಲ್ಲಿ ಕೇಳಿದ್ದರು: "ಇಂದೂ, ಮೋಡ ಆಗೇತೇನ?"

ಬಿಸಿಲು ಸುಡುತ್ತಿತ್ತು.

"ಯಾರ ಮುಂದೂ ಆಡಬ್ಯಾಡ. ಕಣ್ಣಿಲ್ಲದವ್ಗ ಪಿಚ್ಚರ್ ಯಾರ ಕೊಡ್ತಾರ?"

ಅಂದಿನಿಂದ ಕ್ಯಾಮೆರಾ ಎಲ್ಲಿಡಬೇಕು, ಯಾರು ಎಲ್ಲಿ ನಿಲ್ಲಬೇಕು, ಎಲ್ಲ ಅವಳೇ ಯೋಚಿಸಿ ಬರೆದಳು. ರಾತ್ರಿ ಓದಿ ಹೇಳಿದಳು. ಸೆಟ್ಟಿನಲ್ಲಿ ಅವರು ಅದನ್ನೇ ಗದರಿ ಕೂಗಿದರು. ಶಾಮರಾವನೊಬ್ಬನಿಗೆ ಗೊತ್ತಿತ್ತು. ಆದರೆ ಕಿವಿ ಮಾತ್ರ ಅವರದೇ. ಅವಳು ನಟಿಸುವಾಗ ತಲೆ ಬಗ್ಗಿಸಿ ಕೇಳುತ್ತಿದ್ದರು. "ಅಳು ಖೊಟ್ಟಿ ಐತಿ, ಇನ್ನೊಮ್ಮೆ" ಎಂದರೆ ಅದು ನಿಜಕ್ಕೂ ಸುಳ್ಳು ಅಳುವೇ. ಹೀಗೆ ಮೂರು ಸಿನಿಮಾ ಆದವು. ಪೇಪರಿನವರು 'ಸಾಳೋಖೆಯವರ ಹದ್ದಿನ ಕಣ್ಣು' ಎಂದು ಬರೆದಾಗ ಗಂಡಹೆಂಡತಿ ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದರು.

*

ಪಡಸಾಲೆಗೆ ಬಂದರೆ ಜಗತಾಪನ ತೊಡೆಯ ಮೇಲೆ ಪುಸ್ತಕ ಬಿಚ್ಚಿಕೊಂಡಿತ್ತು. ಪಕ್ಕದಲ್ಲಿ ಪೇಪರಿನವನೊಬ್ಬ ಬಗ್ಗಿ ನೋಡುತ್ತಿದ್ದ. 

"ವೈನಿ, ಇದು ನಿಮ್ಮ ಅಕ್ಷರ ಅಲ್ಲೇನ್ರೀ?"

"ಹೂಂ."

"ಎಲ್ಲಾ ಹಾಳಿನೂ ನಿಮ್ಮದ ಐತಿ!" ಜಗತಾಪ ಪೇಪರಿನವನತ್ತ ತಿರುಗಿದ. "ಬರಕೋರೀ. ಅಣ್ಣಾ ಹೇಳಿದ್ದನ್ನ ಒಂದಕ್ಷರ ಬಿಡದ ಬರಕೊಂಡಾರ. ಇಂಥಾ ಹೇಂತಿ ಸಿಗಾಕ ಪುಣ್ಯ ಬೇಕು."

ಅವಳಿಗೆ ಉಸಿರು ಬಂತು. ಬಂದ ಉಸಿರು ಎದೆಯಲ್ಲಿ ಉರಿಯಿತು. ಶಾಮರಾವ ಏನೋ ಹೇಳಲು ಬಾಯಿ ತೆರೆದ. ಅವಳು ಕಣ್ಣಲ್ಲೇ ತಡೆದಳು.

"ಉಳಿದ ನಾಕು ದಿನದ ಶೂಟಿಂಗಿಗೆ ಪುಣೇದಿಂದ ಯಾರನ್ನರ ಕರಸ್ತೀನಿ" ಎಂದ ಜಗತಾಪ.

"ಬ್ಯಾಡ್ರೀ." ಅವಳು ಪುಸ್ತಕ ತೆಗೆದುಕೊಂಡಳು. "ಅವರು ಹೇಳಿದ್ದೆಲ್ಲಾ ನನಗ ಬಾಯಿಪಾಠ ಐತಿ. ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನ, ಮುಂಜಾನೆ ಒಂಬತ್ತಕ್ಕ, ಲೈಟು ಹಚ್ಚಿಸಿಡ್ರಿ."

ಜಗತಾಪ ಶವದ ಕಡೆ ನೋಡಿದ, ಅವಳ ಕಡೆ ನೋಡಿದ. ಆಗಲಿ ಎಂದು ನಿಧಾನಕ್ಕೆ ತಲೆಯಾಡಿಸಿದ.

ಗಂಡಸರು ಚಟ್ಟ ಹೊತ್ತು ಪಂಚಗಂಗಾ ಹೊಳೆಯತ್ತ ನಡೆದರು. ಗಣಪತರಾವರ ಅಕ್ಕ ಹೌಸಕ್ಕ ಅಳುತ್ತಲೇ ಅವಳನ್ನು ಬಚ್ಚಲಿಗೆ ಕರೆದೊಯ್ದು ಕಲ್ಲು ಎತ್ತಿಕೊಂಡಳು. "ಕೈ ಚಾಚವ್ವಾ."

"ತಡೀರಿ ಅಕ್ಕಾ. ನಿನ್ನಿ ಶಾಟು ಅರ್ಧಕ್ಕ ನಿಂತೈತಿ. ಅದರಾಗ ನನ್ನ ಕೈಯಾಗ ಇವ ಬಳಿ ಅದಾವ, ಉಳಿದದ್ದಕ್ಕೂ ಇವ ಬೇಕು."

"ಹುಚ್ಚಿ ಏನ? ಅವ ಹ್ವಾದ. ಇನ್ನ ಹಸರಬಳಿ ಇಟ್ಕೊಂಡ ಏನ್ಮಾಡ್ತಿ?"

ಇಂದುಮತಿ ನಲ್ಲಿ ಬಿಟ್ಟಳು. ಕೈಗೆ ಸಾಬೂನು ತಿಕ್ಕಿ, ಬಿಗಿಯಾದ ಬಳೆಗಳನ್ನು ಗೆಣ್ಣಿನ ಮೇಲಿಂದ ಒಂದೊಂದಾಗಿ ಜಾರಿಸಿದಳು. ಚರ್ಮ ತರಚಿ ನೊರೆ ಕೆಂಪಾಯಿತು. ಒಂದೂ ಒಡೆಯದೆ ಎಲ್ಲವೂ ಬಚ್ಚಲ ಕಟ್ಟೆಯ ಮೇಲೆ ಸಾಲಾಗಿ ಕೂತವು. ಎತ್ತಿದ ಕಲ್ಲನ್ನು ಎಲ್ಲಿಡಬೇಕೆಂದು ತಿಳಿಯದೆ ಹೌಸಕ್ಕ ಹಾಗೆಯೇ ನಿಂತಿದ್ದಳು.