ಮಾವನ ಮನೆಯ ಜೀಪು

ತುಮಿಜೊ ಹುಟ್ಟಿ ಬೆಳೆದದ್ದು ಕೆಳಗೆ, ಪಾಸುರುವಾನಿನ ಬಂದರಿನ ಹತ್ತಿರ. ಎಲೆಕೋಸು ತುಂಬಿಕೊಂಡು ಹೋಗಲು ಲಾರಿ ತೆಗೆದುಕೊಂಡು ಬೆಟ್ಟ ಹತ್ತಿ ಬಂದವನು ವೊನೊಕಿತ್ರಿಯಲ್ಲಿ ಸುಪಾತ್ಮಿಯನ್ನು ಕಂಡ, ಮದುವೆಯಾದ, ಅಲ್ಲೇ ಉಳಿದ. ಆ ಊರಿನಲ್ಲಿ ಹೊರಗಿನವರಿಗೆ ಹೊಲ ಮಾರುವ ರೂಢಿಯಿಲ್ಲ. ಬ್ರೋಮೊ ಜ್ವಾಲಾಮುಖಿ ನೋಡಲು ಬರುವವರನ್ನು ಕರೆದೊಯ್ಯುವ ಜೀಪುಗಳ ಸರದಿಯಲ್ಲೂ ಹೊರಗಿನವರಿಗೆ ಜಾಗವಿಲ್ಲ. ಹಾಗಾಗಿ ಮನೆ ಮಾವ ಮುಜೊನೊನದು, ಹೊಲ ಹೆಂಡತಿಯ ಪಾಲಿಗೆ ಬಂದದ್ದು, ಸರದಿ ಮಾವನ ಹೆಸರಿನದು, ಜೀಪೂ ಮಾವನದೇ. ಸ್ಟೇರಿಂಗ್ ಹಿಡಿದ ಎರಡು ಕೈ ಮಾತ್ರ ತುಮಿಜೊನವು.

ಜೀಪು ಅವನಿಗಿಂತ ಹಳೆಯದು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ ಸಿಗುವ, ಮೂಗು ಮೊಂಡಾದ, ಇಳಿಜಾರಿನಲ್ಲಿ ಮುದುಕನ ಹಾಗೆ ಗೊಣಗುವ ಗಾಡಿ. ಆದರೆ ನಂಬಿಕೆಯ ಗಾಡಿ. ಮರಳಿನ ಬಯಲಿನಲ್ಲಿ ಹೊಸ ಗಾಡಿಗಳು ಹೂತುಕೊಂಡು ಕೂತರೂ ಇದು ದಾಟಿಹೋಗುತ್ತಿತ್ತು. ಆ ಮಳೆಗಾಲದಲ್ಲಿ ತುಮಿಜೊನ ತಾಯಿ ಹಾಸಿಗೆ ಹಿಡಿದಳು. ಗಂಡ ಹೆಂಡತಿ ಇಬ್ಬರೂ ಪಾಸುರುವಾನಿಗೆ ಇಳಿದು, ಅವಳ ಮಣ್ಣು ಮಾಡಿ, ಆಮೇಲಿನ ಕೆಲಸಗಳನ್ನೆಲ್ಲ ಮುಗಿಸಿಕೊಂಡು ವಾಪಸ್ಸು ಬಂದಾಗ ಜೀಪಿನ ಅಡಿಭಾಗಕ್ಕೆ ಹೊಸದಾಗಿ ಕರಿ ಬಣ್ಣ ಬಿದ್ದಿತ್ತು.

"ತುಕ್ಕು ಹಿಡೀಬಾರ್ದು ಅಂತ ಬಳಿದೆ," ಅಂದ ಕರಿಯಾದಿ. ಅವನು ಸುಪಾತ್ಮಿಯ ಅಣ್ಣ, ಊರಿಗಿದ್ದ ಒಂದೇ ಗ್ಯಾರೇಜು ಅವನದು. "ನೀನಂತೂ ಯಾವತ್ತೂ ಬಗ್ಗಿ ನೋಡಿದವನಲ್ಲ."

ಅದಾದ ಮೇಲೆ ಗಾಡಿ ನಡುಗಲು ಶುರುಮಾಡಿತು. ಏರುವಾಗ ಏನೂ ಇಲ್ಲ. ಇಳಿಯುವಾಗ, ಡಾಂಬರು ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದು, ಎಡಗಡೆಯ ಚಕ್ರ ಒಂದು ಗುಂಡಿಗೆ ಬಿದ್ದೆದ್ದರೆ ಸಾಕು, ಮುಂಭಾಗವೆಲ್ಲ ಗಡಗಡ ಅಲ್ಲಾಡುತ್ತಿತ್ತು. ಹಗ್ಗ ಬಿಚ್ಚಿಕೊಂಡ ಹೋರಿಯ ಕೊಂಬು ಹಿಡಿದ ಹಾಗೆ ಸ್ಟೇರಿಂಗ್ ಅಂಗೈಯೊಳಗೆ ಹೊರಳಾಡುತ್ತಿತ್ತು. ವೇಗ ಪೂರ್ತಿ ಇಳಿಸಿದ ಮೇಲೆಯೇ ಅದಕ್ಕೆ ಸಮಾಧಾನ.

ಕರಿಯಾದಿ ಸ್ಟೇರಿಂಗಿನ ಅದುರು ಹೀರುವ ಡ್ಯಾಂಪರ್ ಬದಲಾಯಿಸಿಕೊಟ್ಟ. ಕೆಲವು ದಿನ ನಡುಕ ನಿಂತಿತು, ಮತ್ತೆ ಬಂತು. ಅವನು ಇನ್ನೊಂದು ಡ್ಯಾಂಪರ್ ಹಾಕಿದ. ಅದೂ ಅಷ್ಟೇ.

"ಭಾವ, ಡ್ಯಾಂಪರ್ ನಡುಕಾನ ಮುಚ್ಚಿಡುತ್ತೆ, ಅಷ್ಟೇ. ನಡುಕ ಹುಟ್ತಿರೋದು ಬೇರೆ ಎಲ್ಲೋ," ಅಂದ ತುಮಿಜೊ.

"ಓಹೋ, ಬಂದರಿನಲ್ಲಿ ಮೀನಿನ ಲಾರಿ ಓಡಿಸ್ತಿದ್ದವರು ನಂಗೆ ಗಾಡಿ ಹೇಳಿಕೊಡ್ತಾರೆ!" ಕರಿಯಾದಿ ಗ್ಯಾರೇಜಿನಲ್ಲಿ ಕೂತಿದ್ದವರ ಕಡೆ ತಿರುಗಿ ನಕ್ಕ. "ಗಾಡಿ ನಡುಗ್ತಿಲ್ಲ ಕಣಯ್ಯ, ನಿನ್ನ ಕೈ ನಡುಗ್ತಿದೆ. ಕೆಳಗಿನವರಿಗೆ ಬೆಟ್ಟದ ಚಳಿ."

ಕೂತಿದ್ದವರೂ ನಕ್ಕರು. ತುಮಿಜೊನೂ ನಗಬೇಕಾಯಿತು.

ಬೇರೆ ಊರಿನ ಗ್ಯಾರೇಜಿಗೆ ಒಯ್ಯುವ ಹಾಗಿರಲಿಲ್ಲ. ಒಯ್ದರೆ ಗಾಡಿ ಅಲ್ಲಿಗೆ ತಲುಪುವ ಮೊದಲೇ ಸುದ್ದಿ ಇಲ್ಲಿಗೆ ತಲುಪುತ್ತಿತ್ತು. ಮುಜೊನೊನ ಅಳಿಯನಿಗೆ ಮುಜೊನೊನ ಮಗನ ಕೆಲಸ ಸಾಲದಾಯಿತಂತೆ ಅನ್ನುತ್ತಿದ್ದರು. ಗಾಡಿ ನಿಲ್ಲಿಸುವ ಹಾಗೂ ಇರಲಿಲ್ಲ. ನಿಂತ ಗಾಡಿಯ ಸರದಿ ಮುಂದಿನವರಿಗೆ ಹೋಗುತ್ತದೆ.

ಅವನೇ ಹುಡುಕಲು ಕೂತ. ಮೊದಲು ಕಣ್ಣಿಗೆ ಬಿದ್ದದ್ದು ಟೈರು. ಬಲಗಡೆಯ ಮುಂದಿನ ಟೈರು ಒಂದೇ ಸಮನೆ ಸವೆದಿತ್ತು. ಎಡಗಡೆಯದ್ದು ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಒಳಅಂಚಿನ ಮೇಲೆ ಕೈಯಾಡಿಸಿದರೆ ಬೋಳು. ಟೈರಿನದೇ ದೋಷವಿರಬಹುದೆಂದು ಹಿಂದಿನ ಟೈರನ್ನು ಮುಂದಕ್ಕೆ ಹಾಕಿ ಓಡಿಸಿದ. ಸ್ವಲ್ಪ ದಿನಕ್ಕೆ ಅದರ ಒಳಅಂಚೂ ಅದೇ ರೀತಿ ಸವೆಯಲು ಹಿಡಿಯಿತು. ಅಲ್ಲಿಗೆ ತಪ್ಪು ಟೈರಿನದಲ್ಲ, ಅದು ನಿಂತಿರುವ ಜಾಗದ್ದು ಎಂದಾಯಿತು.

ಸರದಿ ಇಲ್ಲದ ಒಂದು ಮಧ್ಯಾಹ್ನ, ಕರಿಯಾದಿ ಗೊಬ್ಬರ ತರಲು ಹೋಗಿದ್ದಾಗ, ಅಂಗಳದಲ್ಲಿ ಜಾಕ್ ಕೊಟ್ಟು ಮುಂಭಾಗ ಎತ್ತಿದ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ, ಬೇರಿಂಗುಗಳು ಬಿಗಿಯಾಗಿದ್ದವು. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದ, ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಕೀಲುಗಳಲ್ಲಿ ಸಡಿಲವಿರಲಿಲ್ಲ. ಸುಪಾತ್ಮಿಯನ್ನು ಒಳಗೆ ಕೂರಿಸಿ ಸ್ಟೇರಿಂಗನ್ನು ಆಚೆ ಈಚೆ ತಿರುಗಿಸಲು ಹೇಳಿ, ತಾನು ಕೆಳಗೆ ಮಲಗಿ ಒಂದೊಂದು ಕೀಲನ್ನೂ ನೋಡಿದ.

"ಸಾಕಾ? ಒಲೆ ಮೇಲೆ ಜೋಳದನ್ನ ಇದೆ," ಎಂದು ಅವಳು ಮೇಲಿನಿಂದ ಕೂಗಿದಳು.

"ಇನ್ನೊಂದ್ಸಲ ತಿರುಗಿಸು."

"ಕೈ ಬಿದ್ದೋಗ್ತಿದೆ ನಂಗೆ. ಆಲೂಗಡ್ಡೆ ಅಗೆಯೋದೇ ವಾಸಿ ಇದಕ್ಕಿಂತ."

ಅವಳು ಒಳಗೆ ಹೋದ ಮೇಲೆ ಅವನು ಗಾಡಿ ಕೆಳಗಿಳಿಸಿ, ಎರಡು ಚಕ್ರಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ದಾರ ಹಿಡಿದು ಅಳೆದ. ಮುಂದಿನ ಅಳತೆ ಹಿಂದಿನದಕ್ಕಿಂತ ಒಂದು ಕೂದಲೆಳೆ ಕಡಿಮೆ, ಇರಬೇಕಾದ್ದೇ ಹಾಗೆ. ಕೊನೆಗೆ ಗೋಡೆ ಕಟ್ಟುವವರ ತೂಗುಗುಂಡನ್ನು ಚಕ್ರದ ಪಕ್ಕದಲ್ಲಿ ಇಳಿಬಿಟ್ಟ. ಬಲಗಡೆಯ ಚಕ್ರ ನೆಟ್ಟಗೆ ನಿಂತಿತ್ತು. ಎಡಗಡೆಯದ್ದು ಮೇಲ್ಗಡೆ ಒಳಕ್ಕೆ ವಾಲಿತ್ತು. ಸಡಿಲವಿಲ್ಲದ ಚಕ್ರ ವಾಲಿದೆಯೆಂದರೆ, ಅದನ್ನು ಹೊತ್ತಿರುವ ಆಕ್ಸಲ್ಲೇ ಬಾಗಿರಬೇಕು.

ಮತ್ತೆ ಕೆಳಗೆ ತೆವಳಿದ. ಚಕ್ರದಿಂದ ಒಂದು ಗೇಣು ಒಳಗೆ ಆಕ್ಸಲ್ ಕೊಳವೆಯ ಮೇಲೆ ಬಣ್ಣ ಬೇರೆ ಕಡೆಗಿಂತ ದಪ್ಪವಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದ. ಕರಿ ಸಿಪ್ಪೆ ಕಣ್ಣಿಗೆ ಉದುರಿತು. ಅದರಡಿಯಲ್ಲಿ ಕೊಳವೆಯ ಸುತ್ತ ವೆಲ್ಡಿಂಗಿನ ಗಂಟುಗಂಟು ಗೆರೆ, ಆ ಗೆರೆಯ ಮಗ್ಗುಲಲ್ಲಿ ಹೊಸದಾಗಿ ಬಾಯಿಬಿಡುತ್ತಿರುವ ಕೂದಲಿನಂಥ ಬಿರುಕು. ಗುಂಡಿಗೆ ಬಿದ್ದಾಗಲೆಲ್ಲ ಆ ಜಾಗ ಮಿಸುಕುತ್ತಿತ್ತು, ಅದಕ್ಕೇ ನಡುಕ.

ಅವನು ಎಷ್ಟೋ ಹೊತ್ತು ಅಲ್ಲೇ ಅಂಗಾತ ಮಲಗಿದ್ದ. ಎದೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಗಾಡಿಯ ಭಾರವೆಲ್ಲ ನಿಂತಿತ್ತು. ತಾನು ತಾಯಿಯ ತಲೆದೆಸೆಯಲ್ಲಿ ಕೂತಿದ್ದಾಗ ಕರಿಯಾದಿ ಗಾಡಿಯನ್ನು ಎಲ್ಲೋ ಹೊಡೆಸಿದ್ದಾನೆ, ಮುರಿದದ್ದನ್ನು ಬೆಸೆದಿದ್ದಾನೆ, ಬಣ್ಣ ಬಳಿದಿದ್ದಾನೆ. ಅಷ್ಟೂ ಸ್ಪಷ್ಟವಾಗಿತ್ತು. ಸ್ಪಷ್ಟವಾಗದೆ ಇದ್ದದ್ದು ಒಂದೇ, ಇದನ್ನು ಯಾರ ಮುಂದೆ ಹೇಳುವುದು? ಮಾವನ ಮುಂದೆ ಮಗನ ಮೇಲೆ ದೂರಬೇಕೆ? ಹೆಂಡತಿಯ ಮುಂದೆ ಅಣ್ಣನ ಮೇಲೆ ದೂರಬೇಕೆ? ಹೇಳಿದ ಮೇಲೆ ಉಣ್ಣಲು ಕೂರಬೇಕಾದ್ದು ಅದೇ ಒಲೆಯ ಮುಂದೆ. ಕೆಳಗಿನ ಮನೆ ತಾಯಿಯೊಂದಿಗೇ ಮುಗಿದಿತ್ತು, ಅದರಲ್ಲೀಗ ತಮ್ಮನ ಸಂಸಾರ. ಅವನು ಗ್ರೀಸಿನಲ್ಲಿ ಮಣ್ಣು ಕಲಸಿ ಕೆರೆದ ಜಾಗಕ್ಕೆ ಸವರಿ ಎದ್ದುಬಂದ.

"ಏನಾದ್ರೂ ಸಿಕ್ತಾ?" ಅಂದಳು ಸುಪಾತ್ಮಿ, ತಟ್ಟೆಗೆ ಬಡಿಸುತ್ತ.

"ಇಲ್ಲ," ಅಂದ.

ಅಂದಿನಿಂದ ಅವನು ಆಮೆಯ ಹಾಗೆ ಓಡಿಸತೊಡಗಿದ. ಹಿಂದಿನ ಜೀಪಿನವರು ಹಾರ್ನ್ ಹೊಡೆದು ಹೊಡೆದು ಪಕ್ಕದಿಂದ ನುಗ್ಗಿ, "ಮೆರವಣಿಗೆ ಹೊರಟಿದೆಯೇನಣ್ಣ?" ಎಂದು ರೇಗಿಸಿ ಹೋಗುತ್ತಿದ್ದರು. ರಸ್ತೆಯ ಗುಂಡಿಗಳೆಲ್ಲ ಅವನಿಗೆ ಬಾಯಿಪಾಠವಾದವು. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತ ದಿನ ಇನ್ನೂ ನಿಧಾನಕ್ಕೆ ಓಡಿಸುತ್ತಿದ್ದ. ಗಾಡಿ ಹತ್ತಿದ ಮೇಲೆ ಇಳಿಯುವವರೆಗೂ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದ. ಇಳಿದ ಮೇಲೆ, ಇವತ್ತೇನೂ ಆಗಲಿಲ್ಲವಲ್ಲ ಅಂದುಕೊಳ್ಳುತ್ತಿದ್ದ.

ಆದದ್ದು ಒಂದು ಬೆಳಗ್ಗೆ, ಪೆನಾಂಜಾಕನ್ ಗುಡ್ಡದ ಮೇಲೆ ಸೂರ್ಯೋದಯ ತೋರಿಸಿ ಇಳಿಯುವಾಗ. ಗಾಡಿಯಲ್ಲಿ ಸುರಬಾಯಾದ ಒಬ್ಬ ಮೇಷ್ಟರು ಮತ್ತು ಅವರ ತಾಯಿ ಇದ್ದರು. ಎದುರಿನಿಂದ ಬಂದ ಮೋಟಾರ್ ಸೈಕಲ್ಲಿಗೆ ದಾರಿ ಬಿಡಲು ಎಡಕ್ಕೆ ಸರಿದ. ತನಗೆ ಗೊತ್ತಿದ್ದ ಗುಂಡಿಯೊಳಕ್ಕೇ ಚಕ್ರ ಇಳಿಯಿತು. ನಡುಕ ಹತ್ತಿತು. ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ, ಗೇರ್ ಇಳಿಸಿದ. ನಡುಕ ಕಡಿಮೆಯಾಗುವ ಬದಲು ಏರಿತು. ಕನ್ನಡಿ ಕಳಚಿ ಬಿತ್ತು. ಮುಂದೆ ತಿರುವು, ತಿರುವಿನಾಚೆ ಬರೀ ಮಂಜು. ಕೆಳಗಿನಿಂದ ಕಬ್ಬಿಣದ ಕೊಂಬೆ ಮುರಿದಂಥ ಸದ್ದು ಬಂತು. ತುಮಿಜೊ ಇದ್ದಬದ್ದ ಶಕ್ತಿಯಿಂದ ಸ್ಟೇರಿಂಗನ್ನು ಬೆಟ್ಟದ ಕಡೆಗೆ ಎಳೆದ. ಜೀಪು ಮಣ್ಣಿನ ದಿಬ್ಬವನ್ನು ಉಜ್ಜುತ್ತ, ಜರೀಗಿಡಗಳನ್ನು ಕಿತ್ತುಕೊಳ್ಳುತ್ತ ಹೋಗಿ, ಚರಂಡಿಗೆ ಮೂಗು ಹಾಕಿ ನಿಂತಿತು.

ಆಮೇಲೆ ಹಿಂದಿನಿಂದ ಮುದುಕಿಯ ದನಿ ಕೇಳಿತು. "ಏನಪ್ಪಾ ಡ್ರೈವರು, ಇದೂ ಟಿಕೆಟ್ಟಿನಲ್ಲೇ ಸೇರಿದೆಯಾ?"

ಮೇಷ್ಟರು ನಗಲು ಹೋಗಿ ಅತ್ತುಬಿಟ್ಟರು. ತಾಯಿಯ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿನೋಡಿದರು. ತುಮಿಜೊ ಇಳಿದು ಚರಂಡಿಯ ಅಂಚಿನಲ್ಲಿ ಕೂತ. ಎಡಗಡೆಯ ಚಕ್ರ ಕಾಲು ಮುರಿದ ಕೋಳಿಯ ಹಾಗೆ ಒಳಗೆ ಮಡಚಿಕೊಂಡಿತ್ತು.

ಸಂಜೆಗೆ ಮುಂಚೆ ಜೊತೆಯವರು ಗಾಡಿಯನ್ನು ಎಳೆದುತಂದು ಅಂಗಳದಲ್ಲಿ ಬಿಟ್ಟರು. ಒಳಗೆ ಒಲೆಯ ಸುತ್ತ ಎಲ್ಲರೂ ಕೂತಿದ್ದರು. ಮುಜೊನೊ ಹೆಗಲ ಮೇಲೆ ಸರೊಂಗ್ ಪಂಚೆ ಹೊದ್ದು ಬೆಂಕಿಗೆ ಕೈ ಚಾಚಿದ್ದ. ಸುಪಾತ್ಮಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ಹೆದರಿ ಬ್ರೇಕ್ ಒತ್ತಿರ್ತಾನೆ," ಅಂದ ಕರಿಯಾದಿ. "ತಿರುವಿನಲ್ಲಿ ಒತ್ತಿದ್ರೆ ಎಂಥ ಗಾಡಿ ತಾನೆ ಉಳಿಯುತ್ತೆ? ಎಷ್ಟು ಸಲ ಹೇಳಿದ್ದೆ ಇವನಿಗೆ."

ತುಮಿಜೊನ ಕಿವಿಯಲ್ಲಿ ಇನ್ನೂ ಆ ಮುದುಕಿಯ ದನಿ ಇತ್ತು. "ಮುರಿದಿರೋದು ವೆಲ್ಡಿಂಗ್ ಮಾಡಿದ ಜಾಗದಲ್ಲಿ, ಭಾವ," ಅಂದ.

ಸುಪಾತ್ಮಿಯ ಚಾಕು ನಿಂತಿತು. "ಯಾವ ವೆಲ್ಡಿಂಗ್?"

ಮುಜೊನೊ ಕೊಳ್ಳಿಯೊಂದನ್ನು ಒಳಕ್ಕೆ ತಳ್ಳಿದ. "ನೀವು ಕೆಳಗೆ ಹೋಗಿದ್ರಲ್ಲ, ಆಗ ಮೋರಿಗೆ ಹೊಡೀತು," ಅಂದ. "ಮಂಜಿತ್ತು. ಬೇರೆ ಆಕ್ಸಲ್ ಸಿಗಲಿಲ್ಲ. ರಜೆಗೆ ಜನ ಬರೋ ಕಾಲ ಬೇರೆ, ಸರದಿ ತಪ್ಪಿದ್ರೆ ಮತ್ತೆ ಸಿಗೋದು ಯಾವಾಗ? ಬೆಸೆದು ಹಾಕು ಅಂತ ನಾನೇ ಹೇಳಿದೆ."

"ನಿಮಗೆ ಗೊತ್ತಿತ್ತಾ ಅಪ್ಪ?"

"ಗೊತ್ತಿತ್ತು."

"ಗೊತ್ತಿದ್ದೂ ಇವರ ಕೈಗೆ ಕೊಟ್ರಾ?"

"ಹೇಳಿದ್ರೆ ಇವನು ಓಡಿಸ್ತಿದ್ನಾ?" ಮುದುಕ ಕೇಳಿದ ರೀತಿಯಲ್ಲಿ ಕೇಡಿರಲಿಲ್ಲ. ಎತ್ತಿಗೆ ಏರು ಇದೆಯೆಂದು ಯಾರಾದರೂ ಮೊದಲೇ ಹೇಳುತ್ತಾರೆಯೇ ಎಂಬಷ್ಟು ಸಹಜವಾಗಿ ಕೇಳಿದ. ತುಮಿಜೊನನ್ನು ಬೈಗುಳಕ್ಕಿಂತ ಅದು ಹೆಚ್ಚು ನೋಯಿಸಿತು.

ಸುಪಾತ್ಮಿ ಗಂಡನ ಕಡೆ ತಿರುಗಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನ ಕೈಲಿ ಸ್ಟೇರಿಂಗ್ ತಿರುಗಿಸಿದ್ನಲ್ಲ, ಆವತ್ತು."

"ಅಷ್ಟು ದಿನದಿಂದಾನಾ? ಆಮೇಲೂ ಜನ ಕೂರಿಸ್ಕೊಂಡು ಹೋದ್ರಾ? ನಂಗೊಂದು ಮಾತು ಹೇಳಬಾರ್ದಿತ್ತಾ?"

"ಹೇಳಿ ಎಲ್ಲಿಗೆ ಹೋಗ್ಲಿ?" ಅಂದ ತುಮಿಜೊ. "ಈ ಮನೇಲಿ ನಂದು ಅಂತ ಏನಿದೆ, ಹೇಳು. ನಾನಿಲ್ಲಿ ಮಾತಾಡಿದ್ರೆ ಆಮೇಲೆ ಮಲಗೋದೆಲ್ಲಿ?"

ಸುಪಾತ್ಮಿ ಎದ್ದಳು. ಕಂಬದ ಮೊಳೆಗೆ ನೇತುಹಾಕಿದ್ದ ಜೀಪಿನ ಕೀಲಿ ತೆಗೆದು ಸೊಂಟದ ಗಂಟಿಗೆ ಸಿಕ್ಕಿಸಿಕೊಂಡಳು.

"ಬೇರೆ ಆಕ್ಸಲ್ ಬರೋವರೆಗೂ ಈ ಗಾಡಿನ ಯಾರೂ ಮುಟ್ಟೋ ಹಾಗಿಲ್ಲ. ಅಪ್ಪ, ನೀವೂ ಅಷ್ಟೇ. ಸರದಿ ಹೋದ್ರೆ ಹೋಗ್ಲಿ. ಆ ಅಜ್ಜಿ ಸತ್ತಿದ್ರೆ ಯಾರ ಸರದಿ ಅಂತಿದ್ರಿ?" ಆಮೇಲೆ ಗಂಡನಿಗೆ, ದನಿ ತಗ್ಗಿಸದೆಯೇ, "ನಿಮ್ಮನ್ನೂ ಸೇರಿಸಿಯೇ ಹೇಳ್ತಿದೀನಿ," ಅಂದಳು.

ಜೀಪು ಕಲ್ಲುಗಳ ಮೇಲೆ ನಿಂತಿತು. ಸರದಿ ಹೋಯಿತು. ತುಮಿಜೊ ಹೆಂಡತಿಯ ಹೊಲದಲ್ಲಿ ಕಡಿದಾದ ಪಾತಿಗಳ ನಡುವೆ ಆಲೂಗಡ್ಡೆ ಬುಟ್ಟಿ ಹೊತ್ತ. ಲಾರಿಯವನ ಮೊಣಕಾಲುಗಳು ಆ ಇಳಿಜಾರಿಗೆ ಒಗ್ಗಲೇ ಇಲ್ಲ. ಮಾವ ಅವನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದ, ಭಾವ ಅಷ್ಟೂ ಇಲ್ಲ. ಬೇಸಿಗೆ ಬಂದಾಗ ಮಲಾಂಗಿನ ಗುಜರಿಯೊಂದರಲ್ಲಿ ಅಂಥದೇ ಜೀಪಿನ ನೆಟ್ಟಗಿದ್ದ ಆಕ್ಸಲ್ ಸಿಕ್ಕಿತು. ಕರಿಯಾದಿ, ತುಮಿಜೊ ಇಬ್ಬರೂ ಗಾಡಿಯ ಕೆಳಗೆ ಅಕ್ಕಪಕ್ಕ ಮಲಗಿ ಅದನ್ನು ಕೂರಿಸಿದರು. "ಸ್ಪ್ಯಾನರ್", "ಹಿಡಿ", "ಬಿಡು", ಇಷ್ಟೇ ಮಾತು. ಕೊನೆಯ ಬೋಲ್ಟು ಬಿಗಿದ ಮೇಲೆ ಕರಿಯಾದಿ, "ತೂಗುಗುಂಡು ಎಲ್ಲಿಟ್ಟಿದೀಯ? ಒಂದ್ಸಲ ನೀನೇ ನೋಡಿಬಿಡು," ಅಂದ. ಕ್ಷಮೆ ಅಂತ ಅವನ ಬಾಯಿಂದ ಬಂದದ್ದು ಅದೊಂದೇ.

ಸುಪಾತ್ಮಿ ಕೀಲಿ ಕೊಟ್ಟಳು. ಪರೀಕ್ಷೆಗೆಂದು ತುಮಿಜೊ, ಕರಿಯಾದಿ ಇಬ್ಬರೂ ತೊಸಾರಿ ದಾಟಿ ಕೆಳಗಿಳಿದರು. ತುಮಿಜೊ ಬೇಕೆಂದೇ ಗುಂಡಿಗಳ ಮೇಲೆ ಹತ್ತಿಸಿದ. ಗಾಡಿ ಕುಕ್ಕಿತು, ಎದ್ದಿತು, ನೇರವಾಗಿ ಹೋಯಿತು. ಪುಸ್ಪೊ ಊರು ಬಂದಾಗ ಚಳಿ ಕಳೆದು ಗಾಳಿ ಬೆಚ್ಚಗಾಯಿತು. ಅಲ್ಲಿಂದ ರಸ್ತೆ ಸುಮ್ಮನೆ ಇಳಿದು ಇಳಿದು ಪಾಸುರುವಾನಿಗೆ, ಸಮುದ್ರಕ್ಕೆ ಹೋಗುತ್ತದೆ. ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ.

ಕರಿಯಾದಿ ಸಿಗರೇಟು ಹಚ್ಚಿ, ಅವನಿಗೂ ಒಂದು ಕೊಟ್ಟ. "ಊರಿಗೆ ಹೋಗಬೇಕು ಅನ್ಸುತ್ತಾ?"

"ದಿನಾ ಅನ್ಸುತ್ತೆ."

"ಮತ್ತೆ ಹೋಗೋದೇ ಇಲ್ಲ?"

"ಹೋಗಿ ಏನು ಮಾಡ್ಲಿ ಭಾವ? ಅಲ್ಲಿ ಲಾರಿ ಬೇರೆಯವರದು, ಇಲ್ಲಿ ಜೀಪು ನಿಮ್ಮದು."

ಸಿಗರೇಟು ಮುಗಿಯುವವರೆಗೂ ಇಬ್ಬರೂ ಕೆಳಗಿನ ಬಯಲನ್ನು ನೋಡುತ್ತ ಕೂತರು. ಆಮೇಲೆ ತುಮಿಜೊ ಕಿರಿದಾದ ರಸ್ತೆಯಲ್ಲಿ ಹಿಂದೆ ಮುಂದೆ ಮಾಡಿ ಗಾಡಿ ತಿರುಗಿಸಿ, ಬೆಟ್ಟ ಹತ್ತುವ ಗೇರಿಗೆ ಹಾಕಿದ.