ಸ್ವಲ್ಪ ಸೌಂಡ್ ಕಮ್ಮಿ ಮಾಡಿ

ಪಿಯುಸ್ ಸಾರ್ ಬೆಲ್ಟ್ ಬಿಚ್ಚಲಿಲ್ಲ. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ನಾನು ಗುರುವ, ಮಸ್ಕತ್‌ನ ಖುರುಮ್‌ನ ಒಂದು ಅಂಗಡಿಯಲ್ಲಿ ಟೆಕ್ನಿಷಿಯನ್. ಸಿಸಿ ಕ್ಯಾಮೆರಾ, ಬೆರಳಿಟ್ಟು ಹಾಜರಿ ಹಾಕುವ ಯಂತ್ರ, ಬೆಂಕಿಯ ಅಲಾರಂ, ಮೆಟಲ್ ಡಿಟೆಕ್ಟರ್ ಗೇಟು ಇವೆಲ್ಲ ನಮ್ಮ ಸರಕು. ಮನುಷ್ಯರಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆಯಾದಷ್ಟೂ ನಮ್ಮ ಅಂಗಡಿಗೆ ಕೆಲಸ ಜಾಸ್ತಿ. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಕೆಲಸವಿಲ್ಲದೆ ಕೂತ ದಿನ ನೆನಪಿಲ್ಲ.

ಪಿಯುಸ್ ಸಾರ್ ಸೀಬ್ ಕಡೆಯ ಒಂದು ಕಂಪೆನಿ ಕ್ಯಾಂಪಿನ ಮೆಸ್ ಮ್ಯಾನೇಜರ್. ಮಂಗಳೂರಿನವರು, ಮಾತು ಮೃದು, ಮೂಗಿನ ತುದಿಯಲ್ಲಿ ಕೋಪ. ಅವರ ಮೆಸ್ಸಿನಲ್ಲಿ ನಾನೂರು ಕೆಲಸಗಾರರು ಉಣ್ಣುವ ದೊಡ್ಡ ಹಾಲ್ ಇದೆ, ಅದರ ಪಕ್ಕದಲ್ಲಿ ಹನ್ನೆರಡು ಆಫೀಸರ್‌ಗಳು ಉಣ್ಣುವ ಏಸಿ ರೂಮಿದೆ. ಈ ಮೆಸ್ಸಿನಿಂದ ಸ್ಟೀಲ್ ಚಮಚಗಳು ಮಾಯವಾಗುತ್ತಿದ್ದವು. ಭಾನುವಾರ ತಂದಿಟ್ಟ ಡಜನ್ ಸೋಮವಾರಕ್ಕೆ ಇಲ್ಲ.

ಬೇರೆಯವರಾಗಿದ್ದರೆ ಹುಡುಕುತ್ತಿದ್ದರು. ಪಿಯುಸ್ ಸಾರ್ ಗೇಟು ತರಿಸಿದರು. ಅಡುಗೆಮನೆಯ ಹಿಂಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡರು. ಇನ್ನು ಮೇಲೆ ಅಡುಗೆಮನೆಯ ಇಪ್ಪತ್ತೆರಡು ಜನರೂ, ಮೀನಿನ ಖಾಲಿ ಪೆಟ್ಟಿಗೆಗಳೂ, ಕಸದ ಟ್ರಾಲಿಯೂ ಒಂದೇ ದಾರಿಯಲ್ಲಿ, ಈ ಗೇಟನ್ನು ದಾಟಿಯೇ ಹೊರಗೆ ಹೋಗಬೇಕು.

"ಬೆಂಕಿ ಬಿದ್ದರೆ ಹಿಂಬಾಗಿಲು ಬೇಕಲ್ಲ ಸಾರ್?" ಎಂದು ಕೇಳಿದೆ. ಬೆಂಕಿಯ ಅಲಾರಂ ಮಾರುವವನ ಚಟ.

"ಬೆಂಕಿ ಯಾವಾಗ್ಲಾದ್ರೂ ಒಮ್ಮೆ ಬೀಳುವುದು ಮಾರಾಯ್ರೆ. ಸ್ಪೂನ್ ದಿನಾ ಹೋಗ್ತಾ ಉಂಟು" ಎಂದರು.

ಭಾನುವಾರ ಬೆಳಿಗ್ಗೆ ಗೇಟು ನಿಲ್ಲಿಸಿದೆ. ಹೊಸ ಮಾಡೆಲ್. ದಾಟುವವನ ಮೈಯಲ್ಲಿ ಲೋಹ ಎಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಪಕ್ಕದ ಕೆಂಪು ದೀಪ ಹತ್ತುತ್ತದೆ. ಕೂಗುವುದಕ್ಕೆ ಹನ್ನೆರಡು ಬಗೆಯ ಸ್ವರ, ಸೊನ್ನೆಯಿಂದ ಒಂಬತ್ತರವರೆಗೆ ವಾಲ್ಯೂಮ್. ಪಿಯುಸ್ ಸಾರ್ ಕುರ್ಚಿ ಹಾಕಿಸಿಕೊಂಡು ಕೂತು, ಕಣ್ಣು ಮುಚ್ಚಿ, ಮಗಳ ಮದುವೆಗೆ ಬ್ಯಾಂಡಿನವರನ್ನು ಆರಿಸುವ ಹಾಗೆ ಹನ್ನೆರಡನ್ನೂ ಕೇಳಿದರು. ನಾಲ್ಕನೆಯದು ಹಕ್ಕಿಯ ಹಾಗಿತ್ತು, ಮುಖ ಸಿಂಡರಿಸಿದರು. ಏಳನೆಯದು ಆಂಬುಲೆನ್ಸ್. ಕಣ್ಣು ತೆರೆದರು.

"ಇದು ಇರಲಿ. ಒಂಬತ್ತಕ್ಕೆ ಇಡಿ. ಕಳ್ಳನ ಎದೆ ಒಡೀಬೇಕು."

ಆಮೇಲೆ ಅಡುಗೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದರು. ಕಾನೂನು ಎಲ್ಲರಿಗೂ ಒಂದೇ, ಮೊದಲು ದಾಟುವವನು ನಾನೇ ಎಂದರು. ಬೆಲ್ಟ್, ಫೋನು, ಕೀ ಎಲ್ಲ ಈ ಬುಟ್ಟಿಗೆ ಹಾಕಿ ಎಂದು ನಾನು ಮೆಲ್ಲಗೆ ಹೇಳಿದೆ. ಮ್ಯಾನೇಜರ್ ಆದವರು ಇಪ್ಪತ್ತೆರಡು ಜನರ ಮುಂದೆ ಬೆಲ್ಟ್ ಬಿಚ್ಚುವುದುಂಟೇ? ಹಾಗೇ ನಡೆದರು. ಕಬ್ಬಿಣದ ಮೂತಿಯ ಸೇಫ್ಟಿ ಶೂ, ಬೀಗದ ಕೈಗಳ ಗೊಂಚಲು, ಬೆಲ್ಟಿನ ಅಂಗೈಯಗಲದ ಬಕಲ್, ಎರಡು ಫೋನು, ಕುತ್ತಿಗೆಯಲ್ಲಿ ಶಿಲುಬೆಯ ಚೈನು. ಪಾದದಿಂದ ಕುತ್ತಿಗೆಯವರೆಗೆ ಒಂದು ದೀಪವೂ ಬಾಕಿ ಉಳಿಯದೆ ಹತ್ತಿಕೊಂಡಿತು, ಆಂಬುಲೆನ್ಸ್ ಕ್ಯಾಂಪಿನ ಕೊನೆಯವರೆಗೂ ಕೇಳಿತು. ಚಪಾತಿ ಮಾಡುವ ಶಹೀದ್ ಮೊದಲು ನಕ್ಕ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಪಿಯುಸ್ ಸಾರ್ ನನ್ನ ಕಿವಿಯ ಹತ್ತಿರ ಬಂದರು. "ಗುರುವ, ಸ್ವಲ್ಪ ಸೌಂಡ್ ಕಮ್ಮಿ ಮಾಡಿ."

ಐದಕ್ಕೆ ಇಳಿಸಿದೆ. ಅದೂ ಹೆಚ್ಚಾಯಿತಂತೆ. ಮೂರಕ್ಕೆ ಇಳಿಸಿದೆ, ಕಳ್ಳನಿಗೆ ಇದು ಸಾಲದು ಎಂದರು. ಬಟನ್‌ಗಳಿರುವುದು ಗೇಟಿನ ನೆತ್ತಿಯಲ್ಲಿ, ಸ್ಟೂಲಿನ ಮೇಲೆ ಹತ್ತಿ ಇಳಿದು ನನ್ನ ಮಂಡಿ ನೋಯತೊಡಗಿತು.

"ಅಲ್ಲ, ಇದ್ರಲ್ಲಿ ಗ್ರೇಡ್ ಪ್ರಕಾರ ಸೆಟ್ ಮಾಡ್ಲಿಕ್ಕೆ ಆಗ್ತದಾ? ಮ್ಯಾನೇಜ್‌ಮೆಂಟಿಗೆ ಒಂದು ಸಣ್ಣ ಟಿಂಗ್. ಆಫೀಸ್ ಸ್ಟಾಫಿಗೆ ಬೀಪ್. ಕಿಚನ್‌ನವರಿಗೆ ಆಂಬುಲೆನ್ಸ್."

"ಮಿಷನಿಗೆ ವೀಸಾ ಓದ್ಲಿಕ್ಕೆ ಬರುವುದಿಲ್ಲ ಸಾರ್."

"ಇಷ್ಟು ದೊಡ್ಡ ಕಂಪೆನಿಯವರು, ಅಷ್ಟೂ ಯೋಚನೆ ಮಾಡ್ಲಿಲ್ಲವಾ?" ನಿಜವಾಗಿಯೂ ಬೇಸರವಾಗಿತ್ತು ಅವರಿಗೆ. ಆಗ ಪೆಟ್ಟಿಗೆಯ ತಳದಲ್ಲಿದ್ದ ರಿಮೋಟ್ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಸೌಂಡ್ ಪೂರ್ತಿ ನಿಲ್ಲಿಸುವ ಬಟನ್ ಒಂದಿತ್ತು. ಅವರ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. ವಾಲ್ಯೂಮ್ ಮತ್ತೆ ಒಂಬತ್ತಕ್ಕೆ ಹೋಯಿತು, ರಿಮೋಟ್ ಅವರ ಕಿಸೆಗೆ ಹೋಯಿತು. ತಾವು ದಾಟುವಾಗ ಒತ್ತುತ್ತಿದ್ದರು. ಕಸದ ಟ್ರಾಲಿ ಹೋಗುವಾಗಲೂ ಒತ್ತುತ್ತಿದ್ದರು, ಕಬ್ಬಿಣದ ಟ್ರಾಲಿ ಕೂಗದೆ ಇರುತ್ತದೆಯೇ, ಸುಮ್ಮನೆ ತಲೆನೋವು ಎಂದು. ಉಳಿದವರಿಗೆ ಆಂಬುಲೆನ್ಸ್.

ಅಷ್ಟಾದ ಮೇಲೆ ಗೋಡೆಗೆ ನೋಟಿಸ್ ಅಂಟಿಸಿದರು. ಯಾರ ಮೇಲೆ ಗೇಟು ಮೂರು ಸಲ ಕೂಗುತ್ತದೋ ಅವರು ಖಲಾಸ್, ವೀಸಾ ಕ್ಯಾನ್ಸಲ್.

ಎಲ್ಲರೂ ಬೆಲ್ಟ್ ಬಿಚ್ಚಿ, ಕಿಸೆ ಖಾಲಿ ಮಾಡಿ ದಾಟಿದರು. ಕೊನೆಗೆ ಬಂದವರು ಪಾತ್ರೆ ತೊಳೆಯುವ ಮೊಯ್ದು ಕಾಕ. ಬಂಟ್ವಾಳದ ಬ್ಯಾರಿ, ವಯಸ್ಸು ಐವತ್ತೆಂಟು, ಇದೇ ಮೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ. ಅವರ ಮೈಮೇಲೆ ಗುಂಡಿಯೂ ಇಲ್ಲದ ಬನಿಯನ್ನು, ಲಾಡಿ ಕಟ್ಟಿದ ಪ್ಯಾಂಟು ಬಿಟ್ಟರೆ ಏನೂ ಇರಲಿಲ್ಲ. ಆದರೂ ಗೇಟು ಕೂಗಿತು. ಬಲತೊಡೆಯ ಎತ್ತರದಲ್ಲಿ, ಸರಿಯಾಗಿ ಕಿಸೆ ಇರುವಲ್ಲಿ, ಒಂದೇ ಒಂದು ಕೆಂಪು ದೀಪ.

"ರಾಡ್ ಸಾರ್" ಎಂದರು ಮೊಯ್ದು ಕಾಕ. "ಎಂಟು ವರ್ಷದ ಹಿಂದೆ ಇಲ್ಲೇ ಎಣ್ಣೆಯಲ್ಲಿ ಜಾರಿ ಬಿದ್ದದ್ದಲ್ವಾ. ಆಸ್ಪತ್ರೆಗೆ ನೀವೇ ಆ್ಯಪಲ್ ತಂದಿದ್ರಿ."

ಪಿಯುಸ್ ಸಾರ್‌ಗೆ ಆ್ಯಪಲ್ ನೆನಪಿತ್ತು. "ರಾಡ್ ಹಾಕಿದ್ದು ಹೌದು. ಆಮೇಲೆ ತೆಗೀಲಿಲ್ಲ ಅಂತ ಹೇಗೆ ಗೊತ್ತು?"

ಮೊಯ್ದು ಕಾಕ ಎಕ್ಸ್‌ರೇ ತಂದು ಬೆಳಕಿಗೆ ಹಿಡಿದರು. ಪಿಯುಸ್ ಸಾರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಆಯ್ತು, ರಾಡ್ ಉಂಟು. ರಾಡಿನ ಒಟ್ಟಿಗೆ ಒಂದು ಸ್ಪೂನ್ ಇಟ್ರೆ? ಮಿಷನಿಗೆ ಗೊತ್ತಾಗ್ತದಾ? ಗುರುವ, ನೀವು ಹೇಳಿ, ಗೊತ್ತಾಗ್ತದಾ?"

ಗೊತ್ತಾಗುವುದಿಲ್ಲ ಎಂದೆ. ಅದು ನಿಜ. ಆ ನಿಜವನ್ನು ಹೇಳಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಪಿಯುಸ್ ಸಾರ್ ನೋಟಿಸಿನ ಕೆಳಗೆ ಮೊಯ್ದು ಎಂದು ಬರೆದು ಒಂದು ಗೆರೆ ಎಳೆದರು.

ಸೋಮವಾರವೂ ಚಮಚ ಹೋಯಿತು. ಸಂಜೆ ಮೊಯ್ದು ಕಾಕನ ತೊಡೆಯೂ ಕೂಗಿತು. ಎರಡನೇ ಗೆರೆ. ಕಿಸೆ ಒಳಹೊರಗು ಮಾಡಿ ತೋರಿಸಿದರೂ ಪ್ರಯೋಜನವಾಗಲಿಲ್ಲ. ಗೇಟು ಕೂಗಿದ್ದು ಅವರೊಬ್ಬರ ಮೇಲೆ, ಚಮಚ ಹೋದದ್ದು ಹೌದು, ಹಾಗಾದರೆ ಕಳ್ಳ ಯಾರು ಎಂಬುದು ಪಿಯುಸ್ ಸಾರ್ ಲೆಕ್ಕಾಚಾರ.

ಮಂಗಳವಾರ ಗೇಟನ್ನು ಇನ್ನೂ ಸೂಕ್ಷ್ಮ ಮಾಡಬೇಕೆಂದು ನನ್ನನ್ನು ಮತ್ತೆ ಕರೆಸಿದರು. ಒಳಗೆ ಹೋಗುವಾಗ ಮೊಯ್ದು ಕಾಕ ಸಿಂಕಿನ ಹತ್ತಿರ ನನ್ನನ್ನು ತಡೆದರು.

"ಗುರುವ, ಇವತ್ತು ಮೂರನೆಯದ್ದು."

"ಏನಾಗ್ಲಿಕ್ಕಿಲ್ಲ ಕಾಕ."

"ಊರಿಗೆ ಹೋಗುವುದಕ್ಕೆ ಬೇಜಾರಿಲ್ಲ ನನಗೆ. ಇವತ್ತಲ್ಲದಿದ್ರೆ ನಾಳೆ ಹೋಗುವುದೇ. ಸ್ಪೂನ್ ಕದ್ದು ಸಿಕ್ಕಿ ಬಿದ್ದು ಬಂದ ಅಂತ ಆಗಬಾರದು. ಅಷ್ಟೇ." ಕೈಯ ನೊರೆ ಒರೆಸಿಕೊಂಡು ನಕ್ಕರು. "ನಾವು ಕೈಯಲ್ಲಿ ಉಣ್ಣುವವರು ಮಾರಾಯ. ಸ್ಪೂನ್ ನಮಗೆಂತಕ್ಕೆ?"

ಹೌದಲ್ಲ ಎನ್ನಿಸಿತು. ದೊಡ್ಡ ಹಾಲಿನ ನಾನೂರು ಜನರೂ ಕೈಯಲ್ಲೇ ಉಣ್ಣುವವರು. ಚಮಚ ಇರುವುದು ಏಸಿ ರೂಮಿನಲ್ಲಿ ಮಾತ್ರ. ಆದರೆ ಹೊಟ್ಟೆ ಹಸಿದಿತ್ತು, ಯೋಚನೆ ಅಲ್ಲಿಗೇ ನಿಂತಿತು.

ಪಿಯುಸ್ ಸಾರ್ ಊಟ ಮಾಡಿಸದೆ ಕೆಲಸ ಮಾಡಿಸುವವರಲ್ಲ, ಅದೊಂದು ಗುಣವನ್ನು ಒಪ್ಪಬೇಕು. ಏಸಿ ರೂಮಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಆಫೀಸರ್‌ಗಳು ಬೇರೆಯವರು ತಿಂದ ತಟ್ಟೆಯಲ್ಲಿ ಉಣ್ಣಬಾರದೆಂದು ಅಲ್ಲಿ ಬೆಳ್ಳಿ ಬಣ್ಣದ ಪೇಪರ್ ಪ್ಲೇಟು. ಪೇಪರ್ ಪ್ಲೇಟಿಗೆ ಪ್ಲಾಸ್ಟಿಕ್ ಚಮಚ ಕೊಟ್ಟರೆ ಗೌರವವಿಲ್ಲವೆಂದು ಸ್ಟೀಲ್ ಚಮಚ. ಅಂಜಲ್ ಮೀನಿನ ತಲೆ ಪಿಯುಸ್ ಸಾರ್‌ಗೆ ಮಾತ್ರ, ಬೇರೆ ಯಾರಿಗೂ ಬಡಿಸುವುದಿಲ್ಲ. ನನಗೆ ಸೇರದ ಹಾಗಲಕಾಯಿ ಪಲ್ಯವನ್ನು ಪ್ಲೇಟಿನಲ್ಲೇ ಬಿಟ್ಟೆ. ಉಂಡಾದ ಮೇಲೆ ಎಲ್ಲರೂ ಪ್ಲೇಟನ್ನು ಅರ್ಧಕ್ಕೆ ಮಡಚಿ ಡಬ್ಬಿಗೆ ಹಾಕಿದರು, ನಾನೂ ಹಾಕಿದೆ.

"ಟೆಸ್ಟ್ ಮಾಡ್ಲಿಕ್ಕೆ ಒಂದು ಸ್ಪೂನ್ ಬೇಕಿತ್ತು ಸಾರ್" ಎಂದೆ.

"ಹೊಸತಾ? ಅದು ಬೀರುವಿನಲ್ಲಿ ಉಂಟು. ಸೈನ್ ಮಾಡ್ಬೇಕು" ಎಂದು ಕೈ ತೊಳೆಯಲು ಹೋದರು.

ಸೈನ್ ಯಾಕೆ, ಈಗ ಉಂಡ ಚಮಚವೇ ಸಾಕು ಎಂದು ಮೇಜಿನ ಮೇಲೆ ನೋಡಿದೆ. ಇರಲಿಲ್ಲ. ಕುರ್ಚಿಯ ಕೆಳಗೂ ಇರಲಿಲ್ಲ. ಮೇಜಿನ ಮೇಲೆ ಹನ್ನೆರಡು ಜನರ ಒಂದು ಚಮಚವೂ ಇರಲಿಲ್ಲ. ಡಬ್ಬಿಗೆ ಕೈ ಹಾಕಿ ನನ್ನ ಪ್ಲೇಟನ್ನು ಮುಟ್ಟಿ ನೋಡಿದೆ. ಮಡಿಕೆಯೊಳಗೆ ಗಟ್ಟಿಯಾಗಿ ಸಿಕ್ಕಿತು. ಭಾನುವಾರವೂ ಇಲ್ಲೇ ಉಂಡಿದ್ದೆ, ಅಂದರೆ ಇದು ನಾನು ಎಸೆದ ಎರಡನೇ ಚಮಚ. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಕೆಟ್ಟ ಸಿಟ್ಟು ಬಂತು.

ಎಲ್ಲವನ್ನೂ ಅಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಪಿಯುಸ್ ಸಾರ್ ಬಾಗಿಲು ಮುಚ್ಚಿ, ಟೀ ತರಿಸಿ, ವಿಷಯವನ್ನು ಮೆತ್ತಗೆ ಮುಗಿಸುತ್ತಿದ್ದರು. ಗೋಡೆಯ ಎರಡು ಗೆರೆಗಳು ಹಾಗೇ ಇರುತ್ತಿದ್ದವು. ನಾನು ಹೋಗಿ ಸ್ಟೂಲು ಹತ್ತಿ, ಪಾಸ್‌ವರ್ಡ್ ಹಾಕಿ, ರಿಮೋಟನ್ನು ಕ್ಯಾನ್ಸಲ್ ಮಾಡಿದೆ. ವಾಲ್ಯೂಮ್ ಒಂಬತ್ತರಲ್ಲಿದೆಯೇ ಎಂದು ಎರಡು ಸಲ ನೋಡಿಕೊಂಡೆ.

ಪಾಳಿ ಮುಗಿದು ಅಡುಗೆಯವರು ಸಾಲಾಗಿ ನಿಂತಿದ್ದರು. ಟ್ರಾಲಿಯ ಮೇಲೆ ಏಸಿ ರೂಮಿನ ಕಸದ ಚೀಲವಿತ್ತು. ಅದನ್ನು ಎತ್ತಿ ಎದೆಗೆ ಅವುಚಿಕೊಂಡು ಗೇಟಿನೊಳಗೆ ಕಾಲಿಟ್ಟೆ. ಎದೆಯ ಎತ್ತರದ ದೀಪಗಳೆಲ್ಲ ಹತ್ತಿದವು. ಪಿಯುಸ್ ಸಾರ್ ಓಡಿ ಬಂದರು, ರಿಮೋಟ್ ಒತ್ತಿದರು, ಅಲುಗಾಡಿಸಿ ಒತ್ತಿದರು, ಬ್ಯಾಟರಿ ತೆಗೆದು ಹಾಕಿ ಒತ್ತಿದರು. ಗೇಟು ತನ್ನ ಪಾಡಿಗೆ ಕೂಗಿತು.

"ಕಸದಲ್ಲಿಟ್ಟು ಸಾಗಿಸ್ತಾರೆ! ನೋಡಿದ್ರಾ?" ಅವರಿಗೆ ಖುಷಿಯೇ ಖುಷಿ. "ಯಾರು ಈ ಚೀಲ ಕಟ್ಟಿದ್ದು?"

"ನಾನೇ ಸಾರ್" ಎಂದರು ಮೊಯ್ದು ಕಾಕ.

ಪಿಯುಸ್ ಸಾರ್ ಬೆರಳೆತ್ತುವ ಮೊದಲೇ ನಾನು ಗೇಟಿನ ಕೆಳಗೆ ಕೂತು ಚೀಲ ಬಿಚ್ಚಿದೆ. ಒಂದು ಪ್ಲೇಟನ್ನು ಅಗಲಿಸಿ ಚಮಚ ತೆಗೆದೆ. "ಹಾಗಲಕಾಯಿ ಬಿಟ್ಟದ್ದು ನಾನು. ಇದು ನನ್ನ ಪ್ಲೇಟ್, ಇದು ನಾನು ಕದ್ದ ಸ್ಪೂನ್" ಎಂದೆ. ಇನ್ನೊಂದು ಪ್ಲೇಟು, ಇನ್ನೊಂದು ಚಮಚ. ಒಂದೊಂದನ್ನು ಎತ್ತಿದಾಗಲೂ ಗೇಟು ಒಮ್ಮೆ ಕೂಗಿತು. ಆರನೆಯ ಪ್ಲೇಟಿನಲ್ಲಿ ಅಂಜಲಿನ ತಲೆಯ ಮೂಳೆಗಳಿದ್ದವು, ಅದರ ನಡುವೆ ಚಮಚವಿತ್ತು. ಅದನ್ನು ನಾನು ತೆಗೆಯಲಿಲ್ಲ. ಪ್ಲೇಟನ್ನು ಹಾಗೇ ಪಿಯುಸ್ ಸಾರ್ ಕೈಗೆ ಕೊಟ್ಟೆ.

ಅಂಜಲಿನ ತಲೆ ಯಾರಿಗೆ ಬಡಿಸುತ್ತಾರೆಂದು ಆ ಸಾಲಿನಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಈ ಸಲ ಶಹೀದ್ ಕೂಡ ನಗಲಿಲ್ಲ.

"ಗುರುವ" ಎಂದರು ಪಿಯುಸ್ ಸಾರ್, ತುಟಿ ಅಲುಗಿದ್ದಷ್ಟೇ ಕಂಡಿತು. "ಸ್ವಲ್ಪ ಸೌಂಡ್ ಕಮ್ಮಿ ಮಾಡಿ."

"ಪಾಸ್‌ವರ್ಡ್ ಮರೆತುಹೋಯ್ತು ಸಾರ್."

ಮೊಯ್ದು ಕಾಕ ಮುಂದೆ ಬಂದರು. "ಸಾರ್, ನಾನು ದಾಟಬಹುದಾ? ನನ್ನದು ಮೂರನೆಯದ್ದು."

ಪಿಯುಸ್ ಸಾರ್ ಪ್ಲೇಟು ಹಿಡಿದ ಕೈಯಲ್ಲೇ ಹೋಗು ಎಂಬಂತೆ ಸನ್ನೆ ಮಾಡಿದರು. ಮೊಯ್ದು ಕಾಕ ಬಲಗಾಲು ಎಳೆಯುತ್ತ ಗೇಟು ದಾಟಿದರು. ತೊಡೆಯ ಎತ್ತರದಲ್ಲಿ ದೀಪ ಹತ್ತಿತು, ಆಂಬುಲೆನ್ಸ್ ಕ್ಯಾಂಪಿನ ಕೊನೆಯವರೆಗೂ ಕೇಳಿತು. ಮೂರನೇ ಗೆರೆ ಎಳೆಯಲು ಯಾರೂ ನೋಟಿಸಿನ ಹತ್ತಿರ ಹೋಗಲಿಲ್ಲ. ಸಾಲಿನಲ್ಲಿದ್ದ ಒಬ್ಬರೂ ಅವರ ಕಡೆ ತಿರುಗಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಪಿಯುಸ್ ಸಾರ್ ಕೈಯಲ್ಲಿದ್ದ ಚಮಚವನ್ನು.

ಆಚೆ ಹೋದ ಮೊಯ್ದು ಕಾಕ ಒಂದು ಗಳಿಗೆ ನಿಂತರು. ಬನಿಯನ್ ಸರಿ ಮಾಡಿಕೊಂಡರು. ಆಮೇಲೆ ತಿರುಗಿ, ಯಾರೂ ಹೇಳದಿದ್ದರೂ, ಗೇಟನ್ನು ಇನ್ನೊಮ್ಮೆ ದಾಟಿದರು.